ಬಟ್ಟೆಗೆ ಕಂಡಿಷನರ್ ಹಾಕಲೇಬೇಕಾ? ಬಾಟಲಿ ತೆರೆಯುವ ಮೊದಲು ಮಾಡಿ ನೋಡಬೇಕಾದ ಕೆಲಸಗಳು

ಮಳೆಗಾಲ ಹತ್ತಿರ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಡೊಂಬಿವಲಿಯಿಂದ ಒಬ್ಬರು ಕೇಳುತ್ತಾರೆ: "ಬೈರಾಸು ಒಣಗಿದ ಮೇಲೆ ಹಪ್ಪಳದ ಹಾಗೆ ಆಗುತ್ತದೆ, ಕಂಡಿಷನರ್ ಹಾಕಲೇಬೇಕಾ?" ಪುಣೆಯ ವಾಘೋಲಿಯವರ ರಾಗ ಬೇರೆ: "ನಮ್ಮದು ಟ್ಯಾಂಕರ್ ನೀರು, ಎಷ್ಟು ಸುರಿದರೂ ಬಟ್ಟೆ ಮೆತ್ತಗಾಗುವುದಿಲ್ಲ." ವಾಸ್ಕೋದವರಿಗೆ ಮುಗ್ಗಲು ವಾಸನೆಯ ಚಿಂತೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆದು ಸಾಕಾಗಿ, ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ದಿನಬಳಕೆಯ ಹೆಚ್ಚಿನ ಬಟ್ಟೆಗೆ ಕಂಡಿಷನರ್ ಬೇಡ. ಕೆಲವಕ್ಕೆ ಹಾಕಲೇಬಾರದು. ಒಂದೆರಡು ಕಡೆ ಮಾತ್ರ ಅದರಿಂದ ನಿಜವಾದ ಉಪಯೋಗವಿದೆ. ಬಟ್ಟೆ ಗಡುಸಾಗುವುದಕ್ಕೆ ಬಹುತೇಕ ಕಾರಣ ಹೆಚ್ಚಾದ ಸೋಪಿನಪುಡಿ, ಸಾಲದ ಜಾಲಾಟ, ಇಲ್ಲವೇ ನೀರು. ಆ ಮೂರನ್ನು ಸರಿಪಡಿಸದೆ ಬಾಟಲಿ ಹಿಡಿದರೆ ದುಡ್ಡೂ ಹೋಯಿತು, ಬೈರಾಸೂ ಹೋಯಿತು.

ಈ ಕಂಡಿಷನರ್ ಎಂದರೇನು?

ಇದು ಕೊಳೆ ತೆಗೆಯುವ ವಸ್ತುವಲ್ಲ. ತಲೆಗೂದಲಿಗೆ ಎಣ್ಣೆ ಸವರಿದಂತೆ ನೂಲಿನ ಎಳೆಗಳ ಮೇಲೆ ಜಿಡ್ಡಿನ ತೆಳುಪದರ ಕೂರಿಸುತ್ತದೆ, ಅಷ್ಟೇ. ಒದ್ದೆ ನೂಲಿನ ಮೇಲೆ ಋಣ ವಿದ್ಯುದಂಶ ಇರುತ್ತದೆ, ಕಂಡಿಷನರ್‌ನ ಮುಖ್ಯ ವಸ್ತುವಿನಲ್ಲಿ ಧನ ವಿದ್ಯುದಂಶ. ಹಾಗಾಗಿ ಅದು ನೂಲಿಗೆ ತಾನಾಗಿ ಹೋಗಿ ಅಂಟುತ್ತದೆ. ಎಳೆ ಎಳೆಯ ಮೇಲೆ ಜಾರುತ್ತದೆ, ಕೈಗೆ ಮೆತ್ತಗೆನಿಸುತ್ತದೆ. ಬೆರೆಸಿದ ಸುಗಂಧವೂ ಆ ಪದರದಲ್ಲಿ ಸಿಕ್ಕಿಕೊಂಡು ನಾಲ್ಕು ದಿನ ಉಳಿಯುತ್ತದೆ.

ಇದರಿಂದ ಎರಡು ವಿಷಯ ಅರ್ಥವಾಗಬೇಕು. ಒಂದು, ಜಿಡ್ಡು ಕೂತ ಬಟ್ಟೆ ನೀರು ಹೀರುವುದು ಕಡಿಮೆ. ಎರಡು, ಸೋಪಿನಪುಡಿಯ ಕೊಳೆ ತೆಗೆಯುವ ಅಂಶ ಋಣ, ಇದು ಧನ. ಎರಡನ್ನೂ ಒಂದೇ ನೀರಿಗೆ ಹಾಕಿದರೆ ಒಂದನ್ನೊಂದು ಹಿಡಿದುಕೊಂಡು ಎರಡೂ ಕೆಲಸಕ್ಕೆ ಬಾರದಂತಾಗುತ್ತವೆ. ಪುಡಿಯ ಜೊತೆಗೇ ಒಂದು ಮುಚ್ಚಳ ಕಂಡಿಷನರ್ ಸುರಿಯುವವರು ಎಷ್ಟು ಮಂದಿ ಇದ್ದಾರೋ! ಅವರ ಬಟ್ಟೆ ಸ್ವಚ್ಛವೂ ಆಗುವುದಿಲ್ಲ, ಮೆತ್ತಗೂ ಆಗುವುದಿಲ್ಲ.

ಇನ್ನೊಂದು ಮಾತು. ಬಿಸಿಗಾಳಿಯ ಡ್ರೈಯರ್‌ನಲ್ಲಿ ಬಟ್ಟೆ ಒಣಗಿಸುವ ದೇಶಗಳಲ್ಲಿ ಬಟ್ಟೆಗಳು ಒಂದಕ್ಕೊಂದು ಉಜ್ಜಿ ಚಟಚಟ ಅನ್ನುತ್ತವೆ, ಮೈಗೆ ಅಂಟುತ್ತವೆ. ಅದನ್ನು ತಡೆಯುವುದಕ್ಕೆ ಅವರಿಗೆ ಇದು ಬೇಕು. ಬಾಲ್ಕನಿಯ ಹಗ್ಗದ ಮೇಲೆ, ಮುಂಬೈಯ ಒದ್ದೆ ಗಾಳಿಯಲ್ಲಿ ಒಣಗುವ ನಮ್ಮ ಅಂಗಿಗೆ ಆ ಕಾಟವೇ ಇಲ್ಲ. ನಮ್ಮ ಅಜ್ಜಿಯರು ಗಂಜಿ ಹಾಕಿ ಹತ್ತಿ ಸೀರೆಯನ್ನು ಬೇಕೆಂದೇ ಗರಿಗರಿ ಮಾಡುತ್ತಿದ್ದರು. ಈಗ ದುಡ್ಡು ಕೊಟ್ಟು ಅದರ ಉಲ್ಟಾ ಮಾಡುತ್ತಿದ್ದೇವೆ.

ಏನೇನು ಬೇಕು?

ಮುಚ್ಚಳವಿರುವ ಪಾರದರ್ಶಕ ಬಾಟಲಿ, ಸ್ನಾನದ ಸೋಪಿನ ತುಣುಕು, 20 ಲೀಟರಿನ ಬಕೆಟ್, ಒಂದು ದೊಡ್ಡ ಚಮಚ, ವಾಷಿಂಗ್ ಸೋಡಾ, ಬಿಳಿ ವಿನೆಗರ್. ವಾಷಿಂಗ್ ಸೋಡಾ ಅಂದರೆ ಸೋಡಿಯಂ ಕಾರ್ಬೊನೇಟ್. ಇಡ್ಲಿ ಹಿಟ್ಟಿಗೆ ಹಾಕುವ ಅಡುಗೆ ಸೋಡಾ ಬೇರೆ, ಅದು ಇಲ್ಲಿ ನಡೆಯುವುದಿಲ್ಲ. ವಿನೆಗರ್ ಬಣ್ಣವಿಲ್ಲದ್ದೇ ಆಗಬೇಕು. ಗೋವಾದವರು ಮನೆಯಲ್ಲಿರುವ ತೆಂಗಿನ ವಿನೆಗರನ್ನು ಅಡುಗೆಗೇ ಇಟ್ಟುಕೊಳ್ಳಿ, ಬಟ್ಟೆಗೆ ಹಾಕಿದರೆ ಬಣ್ಣ, ವಾಸನೆ ಎರಡೂ ಹತ್ತುತ್ತವೆ.

1. ಕಾರಣ ಹುಡುಕಿ

ಮೊದಲು ನಿಮ್ಮ ಹಳೆಯ ಬೈರಾಸು ತೆಗೆದುಕೊಳ್ಳಿ. ಒಣಗಿದ್ದು, ಒಗೆದದ್ದು. ಮೇಜಿನ ಮೇಲೆ ಹರಡಿ ಚಮಚದಿಂದ ಒಂದು ಹನಿ ನೀರು ಬಿಡಿ. ಒಳ್ಳೆಯ ಹತ್ತಿ ಬೈರಾಸು ಹನಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಕುಡಿದುಬಿಡುತ್ತದೆ. ಹನಿ ಕೆಸುವಿನೆಲೆಯ ಮೇಲಿನ ನೀರಿನಂತೆ ದುಂಡಗೆ ಕೂತು ಹೊಳೆಯುತ್ತಿದ್ದರೆ ಅಲ್ಲಿ ಜಿಡ್ಡಿನ ಪದರ ಕಟ್ಟಿದೆ. ಅದು ಕಂಡಿಷನರ್‌ನದ್ದೇ ಇರಬಹುದು. ಹೊಚ್ಚಹೊಸ ಬೈರಾಸಿನಲ್ಲೂ ಹೀಗಾಗುತ್ತದೆ, ಅಂಗಡಿಯಲ್ಲಿ ಮೆತ್ತಗೆ ಕಾಣಲಿ ಎಂದು ಕಾರ್ಖಾನೆಯಲ್ಲೇ ಲೇಪಿಸಿರುತ್ತಾರೆ.

ಮುಂದೆ ಅದೇ ಬೈರಾಸನ್ನು ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿನಲ್ಲಿ ಹಾಕಿ. ಪುಡಿ ಹಾಕಬೇಡಿ. ಐದು ನಿಮಿಷ ಕೈಯಿಂದ ಹಿಚುಕಿ. ನೊರೆ ಎದ್ದರೆ ಹೋದ ಸಲದ ಸೋಪು ಇನ್ನೂ ಒಳಗೇ ಇದೆ ಎಂದರ್ಥ. ಗಡುಸಿನ ಕಾರಣ ನಿಮ್ಮ ಕೈಯಲ್ಲೇ ಸಿಕ್ಕಿತು.

2. ನಿಮ್ಮ ನೀರು ಎಂಥದ್ದು ನೋಡಿ

ಗಡಸು ನೀರು ಎಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಿರುವ ನೀರು. ಕೆಟಲಿನ ತಳದಲ್ಲಿ, ನಲ್ಲಿಯ ಬಾಯಲ್ಲಿ ಬಿಳಿ ಕಟ್ಟುವುದು ಅದೇ. ಬಟ್ಟೆಯಲ್ಲೂ ಕಟ್ಟುತ್ತದೆ.

ಬಾಟಲಿಗೆ ಅರ್ಧದಷ್ಟು ನಲ್ಲಿ ನೀರು ತುಂಬಿ, ಕಡಲೆಬೇಳೆಯಷ್ಟು ಸೋಪಿನ ಚೂರು ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ. ಹೊದಿಕೆಯ ಮೇಲೆ ಟಿಎಫ್‌ಎಂ ಅಂದರೆ ಕೊಬ್ಬಿನಂಶ ಎಷ್ಟೆಂದು ಬರೆದಿರುವ ಸ್ನಾನದ ಸೋಪೇ ಆಗಬೇಕು. ಬಟ್ಟೆಯ ಡಿಟರ್ಜೆಂಟ್ ಗಡಸು ನೀರಿನಲ್ಲೂ ಒಂದಿಷ್ಟು ನೊರೆ ಕೊಟ್ಟು ಮೋಸ ಮಾಡುತ್ತದೆ. ನೊರೆ ದಪ್ಪಗೆ ನಿಂತು ಕೆಳಗಿನ ನೀರು ತಿಳಿಯಾಗಿದ್ದರೆ ಮೆದು ನೀರು. ನೊರೆ ಬಾರದೆ ನೀರು ಹಾಲಿನಂತಾಗಿ ಒಡೆದ ಮೊಸರಿನ ಚೂರುಗಳು ತೇಲಿದರೆ ಗಡಸು. ಪಕ್ಕದಲ್ಲಿ ಆರ್‌ಒ ನೀರಿನದ್ದೂ ಒಂದು ಬಾಟಲಿ ಮಾಡಿಟ್ಟರೆ ಹೋಲಿಕೆ ಸುಲಭ.

ಮುಂಬೈ ಮಹಾನಗರಪಾಲಿಕೆಯ ನೀರು ಭಾತ್ಸಾ, ತಾನ್ಸಾ, ವೈತರಣಾ ಜಲಾಶಯಗಳಿಂದ ಬರುವ ಮಳೆನೀರು, ಸಾಮಾನ್ಯವಾಗಿ ಮೆದು. ಪುಣೆಯಲ್ಲಿ ಖಡಕ್‌ವಾಸ್ಲಾದ ನೀರು, ಪಿಂಪ್ರಿ-ಚಿಂಚ್‌ವಡ್‌ನಲ್ಲಿ ಪವನಾ ಅಣೆಕಟ್ಟಿನ ನೀರು ಬಂದರೆ ತೊಂದರೆ ಇಲ್ಲ. ತಾಪತ್ರಯ ಇರುವುದು ಊರಂಚಿನ ಹೊಸ ಸೊಸೈಟಿಗಳಲ್ಲಿ. ಅಲ್ಲಿ ಬೋರ್‌ವೆಲ್ ನೀರು, ಅಥವಾ ಬೋರ್‌ವೆಲ್‌ನಿಂದಲೇ ತುಂಬಿಸಿಕೊಂಡು ಬರುವ ಟ್ಯಾಂಕರ್. ಸೊಸೈಟಿಯ ಕಚೇರಿಯಲ್ಲಿ ನೀರಿನ ಪರೀಕ್ಷೆಯ ವರದಿ ಇರುತ್ತದೆ, ಕೇಳಿ. ಅದರಲ್ಲಿ 'ಟೋಟಲ್ ಹಾರ್ಡ್‌ನೆಸ್' ಎಂಬ ಸಾಲು ನೋಡಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಬಟ್ಟೆಗಂತೂ 200 ದಾಟಿದರೆ ವ್ಯತ್ಯಾಸ ಕಾಣತೊಡಗುತ್ತದೆ.

ಗಡಸು ನೀರಿನವರು ಹತ್ತಿ ಬಟ್ಟೆ ನೆನೆಹಾಕುವ ನೀರಿಗೆ, ಪುಡಿ ಹಾಕುವ ಮೊದಲೇ, ಬಕೆಟ್ಟಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿ. ಅದು ಕ್ಯಾಲ್ಸಿಯಂ ಅನ್ನು ಸುಣ್ಣದ ಪುಡಿಯಾಗಿಸಿ ಬೇರ್ಪಡಿಸುತ್ತದೆ, ಸೋಪಿನಪುಡಿಯ ಶಕ್ತಿ ಕೊಳೆ ತೆಗೆಯಲು ಉಳಿಯುತ್ತದೆ. ರೇಷ್ಮೆ, ಉಣ್ಣೆಗೆ ಸೋಡಾ ಮುಟ್ಟಿಸಬೇಡಿ. ಕೈಚರ್ಮ ಒಣಗುತ್ತದೆ, ಗ್ಲೌಸ್ ಹಾಕಿಕೊಳ್ಳಿ.

ಗೋವಾದ ಮುರಕಲ್ಲಿನ ಬಾವಿ ನೀರಿನ ಕಥೆ ಬೇರೆ. ಅದು ಸಾಮಾನ್ಯವಾಗಿ ಮೆದುವೇ, ಆದರೆ ಕಬ್ಬಿಣದ ಅಂಶವಿದ್ದರೆ ಬಿಳಿ ಬಟ್ಟೆ ಹಳದಿ, ಕಂದು ತಿರುಗುತ್ತದೆ. ಅದಕ್ಕೆ ಕಂಡಿಷನರ್ ಏನೂ ಮಾಡದು. ಬ್ಲೀಚ್ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗಿ ಕೂರುತ್ತದೆ.

3. ಪುಡಿ ಕಡಿಮೆ ಮಾಡಿ

ನೊರೆ ಹೆಚ್ಚಾದಷ್ಟು ಸ್ವಚ್ಛ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಹಾಗಿಲ್ಲ. ಪ್ಯಾಕೆಟ್ಟಿನ ಹಿಂದೆ ಬರೆದ ಅಳತೆ ನೋಡಿ, ಈಗ ಹಾಕುತ್ತಿರುವುದಕ್ಕೆ ಹೋಲಿಸಿ. ಮೆದು ನೀರಿದ್ದರೆ ಬರೆದದ್ದಕ್ಕಿಂತಲೂ ಕಾಲು ಭಾಗ ಕಡಿಮೆ ಹಾಕಿ ನೋಡಿ. ಕಾಲರ್, ಕಂಕುಳು ಸ್ವಚ್ಛವಾಗಿ ಬಂದರೆ ಅಷ್ಟೇ ನಿಮ್ಮ ಅಳತೆ.

ಫ್ರಂಟ್ ಲೋಡ್ ಮೆಷಿನ್ ಇರುವವರು ಕೈಯಿಂದ ಒಗೆಯುವ ಪುಡಿ ಹಾಕಬೇಡಿ. ಅದರ ನೊರೆ ಡ್ರಮ್ಮಿನೊಳಗೆ ಉಬ್ಬಿ ನಿಲ್ಲುತ್ತದೆ, ಎಷ್ಟು ಜಾಲಾಡಿದರೂ ಹೋಗುವುದಿಲ್ಲ.

ಮನೆಗೆಲಸದಾಕೆ ಬಟ್ಟೆ ಹಾಕುವುದಾದರೆ 'ಸ್ವಲ್ಪ ಹಾಕು' ಎಂದರೆ ಸಾಲದು. ಡಬ್ಬಿಯಲ್ಲೊಂದು ಚಮಚ ಇಟ್ಟು ಎಷ್ಟು ಚಮಚ ಎಂದು ತೋರಿಸಿಕೊಡಿ.

4. ಜಾಲಾಡುವುದೇ ಅರ್ಧ ಕೆಲಸ

ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಎಲ್ಲರೂ ಅವಸರ ಮಾಡುವುದು ಇಲ್ಲೇ. "ನೀರೇ ಇಲ್ಲ, ಎರಡು ಸಲ ಎಲ್ಲಿ ಜಾಲಾಡಲಿ?" ಎಂದು ಮೇ ತಿಂಗಳಲ್ಲಿ ಕೇಳುವವರಿಗೆ ಒಂದು ಲೆಕ್ಕ.

ಹಿಂಡಿದ ಮೇಲೂ ಬಟ್ಟೆಯ ರಾಶಿಯಲ್ಲಿ 2 ಲೀಟರ್ ಸೋಪಿನ ನೀರು ಉಳಿದಿದೆ ಎಂದಿಟ್ಟುಕೊಳ್ಳಿ. ನಿಮ್ಮ ಹತ್ತಿರ 18 ಲೀಟರ್ ಶುದ್ಧ ನೀರಿದೆ. ಅಷ್ಟನ್ನೂ ಒಂದೇ ಸಲ ಹಾಕಿ ಜಾಲಾಡಿ ಹಿಂಡಿದರೆ ಬಟ್ಟೆಯಲ್ಲಿ ಹತ್ತರಲ್ಲೊಂದು ಪಾಲು ಸೋಪು ಉಳಿಯುತ್ತದೆ. ಅದೇ 18 ಲೀಟರನ್ನು 9, 9 ಎಂದು ಎರಡು ಪಾಲು ಮಾಡಿ, ನಡುವೆ ಒಮ್ಮೆ ಚೆನ್ನಾಗಿ ಹಿಂಡಿದರೆ ಉಳಿಯುವುದು ಮೂವತ್ತರಲ್ಲೊಂದು ಪಾಲು. ನೀರು ಒಂದು ಲೋಟವೂ ಹೆಚ್ಚಾಗಿಲ್ಲ, ಸೋಪು ಮೂರನೇ ಒಂದಕ್ಕೆ ಇಳಿಯಿತು. ಗುಟ್ಟು ಇರುವುದು ನಡುವಿನ ಹಿಂಡುವಿಕೆಯಲ್ಲಿ.

ಸೆಮಿ ಆಟೊಮ್ಯಾಟಿಕ್ ಇರುವವರು ಸೋಪಿನ ನೀರಿನಿಂದ ತೆಗೆದ ಬಟ್ಟೆಯನ್ನು ಮೊದಲು ಒಂದು ನಿಮಿಷ ಸ್ಪಿನ್ನರ್‌ನಲ್ಲಿ ತಿರುಗಿಸಿ, ಆಮೇಲೆ ಜಾಲಾಡಿ. ಪೂರ್ತಿ ಆಟೊಮ್ಯಾಟಿಕ್ ಇದ್ದರೆ 'ಎಕ್ಸ್‌ಟ್ರಾ ರಿನ್ಸ್' ಎಂಬ ಗುಂಡಿ ಇರುತ್ತದೆ, ಬೈರಾಸು, ಹೊದಿಕೆಗಳಿಗೆ ಅದನ್ನು ಒತ್ತಿ. ಡ್ರಮ್ಮನ್ನು ಕಂಠದವರೆಗೆ ತುರುಕಬೇಡಿ, ಒಂದು ಗೇಣು ಜಾಗ ಬಿಡಿ.

ಗಡಸು ನೀರಿದ್ದರೆ, ಅಥವಾ ಮೊದಲ ಪರೀಕ್ಷೆಯಲ್ಲಿ ನೊರೆ ಬಂದಿದ್ದರೆ, ಕೊನೆಯ ನೀರಿಗೆ ಬಿಳಿ ವಿನೆಗರ್ ಹಾಕಿ: ಬಕೆಟ್ಟಿಗೆ ಎರಡು ಮೂರು ದೊಡ್ಡ ಚಮಚ, ಮೆಷಿನ್ನಿಗೆ ಅರ್ಧ ಕಪ್. ಉಳಿದ ಸುಣ್ಣ, ಸೋಪಿನ ಕ್ಷಾರ ಎರಡನ್ನೂ ಅದರ ಆಮ್ಲ ಬಿಡಿಸುತ್ತದೆ. ಒಣಗಿದ ಮೇಲೆ ಹುಳಿ ವಾಸನೆ ಉಳಿಯುವುದಿಲ್ಲ. ಪ್ರತಿ ಸಲ ಬೇಡ, ಮೆಷಿನ್ನಿನ ರಬ್ಬರಿಗೆ ಒಳ್ಳೆಯದಲ್ಲ. ತಿಂಗಳಿಗೆ ಒಂದೆರಡು ಸಲ ಸಾಕು.

ಎಚ್ಚರಿಕೆ: ವಿನೆಗರ್ ಮತ್ತು ಬ್ಲೀಚ್ ಎಂದಿಗೂ ಒಂದೇ ನೀರಿನಲ್ಲಿ ಸೇರಬಾರದು. ಬಿಳಿ ಬಟ್ಟೆಯ ಕಲೆಗೆ ಹಾಕುವ ದ್ರವಗಳಲ್ಲಿ ಹಲವು ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬ್ಲೀಚೇ. ಆಮ್ಲ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ, ಗಾಳಿಯಾಡದ ಸಣ್ಣ ಬಚ್ಚಲಿನಲ್ಲಿ ಅದು ತಮಾಷೆಯಲ್ಲ. ವಿನೆಗರ್ ಬದಲು ನಿಂಬೆರಸ ಹಾಕುವುದೂ ಬೇಡ, ಬಿಸಿಲಿಗೆ ಬಣ್ಣದ ಬಟ್ಟೆಯಲ್ಲಿ ಚುಕ್ಕೆ ಏಳುತ್ತದೆ. ವಿನೆಗರ್ ಜೊತೆ ಸೋಡಾ ಬೆರೆಸಿದರೆ ಬುರಬುರ ಗುಳ್ಳೆ ಬರುತ್ತದೆ ಅಷ್ಟೇ, ಎರಡರ ಶಕ್ತಿಯೂ ಅಲ್ಲೇ ಮುಗಿಯುತ್ತದೆ.

5. ಜಾಡಿಸಿ, ಆಮೇಲೆ ಹರವಿ

ಹತ್ತಿ ಬಟ್ಟೆ ಅಲುಗಾಡದೆ ಒಣಗಿದರೆ ಎಳೆಗಳ ನಡುವೆ ಉಳಿದ ಅಣುಮಾತ್ರ ನೀರೇ ಅಂಟಿನಂತೆ ಅವನ್ನು ಒಂದಕ್ಕೊಂದು ಹಿಡಿಸಿಬಿಡುತ್ತದೆ. ಹಪ್ಪಳವಾಗುವುದು ಹೀಗೆ. ಗಾಳಿಗೆ ಪಟಪಟ ಹಾರಿದ ಬೈರಾಸು ಮೆತ್ತಗಿರುತ್ತದೆ, ಮನೆಯೊಳಗೆ ನಿಶ್ಚಲವಾಗಿ ನೇತಾಡಿದ್ದು ಗಡುಸಾಗುತ್ತದೆ.

ಹಾಗಾಗಿ ಹಗ್ಗಕ್ಕೆ ಹಾಕುವ ಮೊದಲು ಬೈರಾಸಿನ ಎರಡು ಮೂಲೆ ಹಿಡಿದು ನಾಲ್ಕೈದು ಸಲ ಜೋರಾಗಿ ಜಾಡಿಸಿ, ಎಳೆಗಳು ಎದ್ದು ನಿಲ್ಲಬೇಕು. ಒಣಗಿದ ಮೇಲೆ ತೆಗೆಯುವಾಗ ಇನ್ನೊಮ್ಮೆ ಜಾಡಿಸಿ, ಎರಡೂ ಕೈಯಲ್ಲಿ ಹಿಡಿದು ತಿಕ್ಕಿ. ಅರ್ಧ ಗಡುಸು ಅಲ್ಲೇ ಇಳಿಯುತ್ತದೆ. ಬಿಸಿಲಲ್ಲಿ ಸಂಜೆಯವರೆಗೂ ಬಿಟ್ಟು ಸುಡಿಸಬೇಡಿ. ಅಂಗಿ, ಕುರ್ತಾಗಳ ಗಡುಸು ಇಸ್ತ್ರಿಗೆ ಹೋಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

6. ಇಷ್ಟಾದರೂ ಕಂಡಿಷನರ್ ಬೇಕೆನಿಸಿದರೆ

ಹಾಕಬಹುದಾದ ಜಾಗಗಳಿವೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಪುಣೆಯ ಒಣಗಾಳಿಯಲ್ಲಿ ಪಾಲಿಯೆಸ್ಟರ್ ಸೀರೆ, ದುಪಟ್ಟಾ ಕಾಲಿಗೆ ಅಂಟಿ ಚಟಚಟ ಎನ್ನುವಾಗ ಇದು ನಿಜಕ್ಕೂ ಕೆಲಸ ಮಾಡುತ್ತದೆ. ಅಕ್ರಿಲಿಕ್ ಸ್ವೆಟರ್, ಒರಟು ಡೆನಿಮ್, ಹೊದ್ದುಕೊಳ್ಳುವ ದಪ್ಪ ಚಾದರಕ್ಕೂ ಸರಿ.

ಹಾಕುವ ಕ್ರಮ ಇಷ್ಟು. ಸೋಪು ಪೂರ್ತಿ ಹೋದ ಮೇಲೆ ಕೊನೆಯ ನೀರಿಗೆ ಮಾತ್ರ. ಮೊದಲು ನೀರಿನಲ್ಲಿ ಕಲಸಿ, ಆಮೇಲೆ ಬಟ್ಟೆ ಮುಳುಗಿಸಿ ಐದು ನಿಮಿಷ ಬಿಡಿ, ಹಿಂಡಿ ಒಣಹಾಕಿ. ಮತ್ತೆ ಜಾಲಾಡಿದರೆ ಹಾಕಿದ್ದು ವ್ಯರ್ಥ. ಮೆಷಿನ್ನಿನ ಟ್ರೇಯಲ್ಲಿ ಹೂವಿನ ಗುರುತಿರುವ ಖಾನೆ ಇದಕ್ಕೇ ಇರುವುದು. ಅದರೊಳಗೆ ಮ್ಯಾಕ್ಸ್ ಎಂಬ ಗೆರೆ ಇದೆ, ಅದನ್ನು ದಾಟಿ ತುಂಬಿದರೆ ಮೊದಲೇ ಸೋರಿ ಸೋಪಿನ ನೀರಿಗೆ ಸೇರುತ್ತದೆ. ಸೆಮಿ ಆಟೊಮ್ಯಾಟಿಕ್‌ನಲ್ಲಿ ಖಾನೆಯೇ ಇಲ್ಲ, ಬಕೆಟ್ಟೇ ಗತಿ.

ಬಟ್ಟೆಯ ಮೇಲೆ ನೇರವಾಗಿ ಸುರಿಯಬೇಡಿ. ಎಣ್ಣೆ ಬಿದ್ದಂತೆ ಮಬ್ಬು ಕಲೆಗಳಾಗುತ್ತವೆ. ಆಗಿಹೋಗಿದ್ದರೆ ಇಸ್ತ್ರಿ ಮಾಡುವ ಮೊದಲೇ ಕಲೆಯನ್ನು ಒದ್ದೆ ಮಾಡಿ ಸೋಪಿನ ಬಾರ್ ಉಜ್ಜಿ ಮತ್ತೆ ಒಗೆಯಿರಿ, ಹೋಗುತ್ತದೆ.

ಇವಕ್ಕೆ ಹಾಕಲೇಬೇಡಿ

ಬೈರಾಸು, ಮಗುವಿನ ಬಟ್ಟೆಯ ಲಂಗೋಟಿ, ನೆಲ ಒರೆಸುವ ಬಟ್ಟೆ: ಹೀರುವುದೇ ಇವುಗಳ ಕೆಲಸ. ಕನ್ನಡಕ, ಕಾರು ಒರೆಸುವ ಮೈಕ್ರೋಫೈಬರ್, ಅಂದರೆ ಕೂದಲಿಗಿಂತಲೂ ಸಣ್ಣ ಎಳೆಯ ಬಟ್ಟೆ, ಒಂದೇ ಸಲಕ್ಕೆ ಕಟ್ಟಿಕೊಂಡು ಗಾಜಿನ ಮೇಲೆ ಗೀರು ಗೀರಾಗಿ ಜಿಡ್ಡು ಬಳಿಯುತ್ತದೆ. ಜಿಮ್ಮಿನ ಟೀಶರ್ಟ್, ಮಕ್ಕಳ ಪಿಟಿ ಡ್ರೆಸ್ಸು ಬೆವರನ್ನು ಹೊರಗೆಳೆಯುವಂತೆ ನೇಯ್ದವು, ಪದರ ಕೂತರೆ ಬೆವರೂ ನಾತವೂ ಒಳಗೇ ಉಳಿಯುತ್ತದೆ. ಗಂಜಿ ಹಾಕುವ ಬಟ್ಟೆಗೆ ಬೇಡವೆಂದು ಬೇರೆ ಹೇಳಬೇಕಿಲ್ಲ.

ರೈನ್‌ಕೋಟ್, ವಿಂಡ್‌ಚೀಟರ್‌ಗಳಿಗಂತೂ ಮುಟ್ಟಿಸಬೇಡಿ. ಒಂದು ಜುಲೈಯಲ್ಲಿ ನಾನೇ ಮಗನ ಬಟ್ಟೆಯ ರೈನ್‌ಕೋಟನ್ನು ಉಳಿದ ಬಟ್ಟೆಗಳ ಜೊತೆ ಹಾಕಿ ಕಂಡಿಷನರ್ ಸುರಿದಿದ್ದೆ. ಮರುದಿನ ಸ್ಟೇಷನ್ನಿನಿಂದ ಮನೆಗೆ ಬರುವಷ್ಟರಲ್ಲಿ ಒಳಗಿನ ಶರ್ಟು ತೊಯ್ದು ತೊಪ್ಪೆ. ನೀರನ್ನು ಜಾರಿಸುವ ಕಾರ್ಖಾನೆಯ ಲೇಪ ಕೆಲಸ ಬಿಟ್ಟಿತ್ತು.

ಚಾಕಣ್, ಭೋಸರಿ ಕಡೆಯ ಕಾರ್ಖಾನೆಗಳಲ್ಲಿ ವೆಲ್ಡಿಂಗ್, ಫರ್ನೇಸ್ ಕೆಲಸದವರ ಮನೆಯವರು ಗಮನಿಸಿ: ಬೆಂಕಿ ಹತ್ತದ ಯೂನಿಫಾರಂಗೆ ಕಂಡಿಷನರ್ ಹಾಕಿದರೆ ಅದರ ರಕ್ಷಣೆ ಕುಗ್ಗುತ್ತದೆ, ಜಿಡ್ಡೇ ಉರಿಯುವ ವಸ್ತುವಾಗುತ್ತದೆ. ಇದು ಮೆತ್ತಗೆ, ಗಡುಸಿನ ಪ್ರಶ್ನೆಯಲ್ಲ, ಮೈಚರ್ಮದ ಪ್ರಶ್ನೆ. ಎಳೆ ಮಕ್ಕಳ ಬಟ್ಟೆ, ಕಜ್ಜಿ ತುರಿಕೆ ಇರುವವರ ಒಳಉಡುಪಿಗೂ ಬೇಡ, ಸುಗಂಧದ ದ್ರವ್ಯಗಳು ಕೆಲವರಿಗೆ ಆಗುವುದಿಲ್ಲ.

ಮಳೆಗಾಲದ ವಾಸನೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಆ ಮುಗ್ಗಲು ವಾಸನೆ ಬಟ್ಟೆಯಲ್ಲಿ ಉಳಿದ ಬೆವರು, ಜಿಡ್ಡನ್ನು ತಿನ್ನುವ ಬ್ಯಾಕ್ಟೀರಿಯಾಗಳದ್ದು. ಬಟ್ಟೆ ಎಷ್ಟು ಹೊತ್ತು ಒದ್ದೆ ಇರುತ್ತದೋ ಅಷ್ಟು ಅವುಗಳಿಗೆ ಹಬ್ಬ. ಕಂಡಿಷನರ್ ಮೇಲಿಂದ ಪರಿಮಳ ಹಚ್ಚುತ್ತದೆ, ಮೈ ತೊಳೆಯದೆ ಪೌಡರ್ ಬಳಿದುಕೊಂಡ ಹಾಗೆ. ಲೋಕಲ್ ರೈಲಿನಲ್ಲಿ ಮೈ ಬೆವರಿದೊಡನೆ ಎರಡೂ ವಾಸನೆ ಸೇರಿ ಇನ್ನೂ ವಿಚಿತ್ರವಾಗುತ್ತದೆ.

ಒಣಗುವ ಸಮಯ ಕಡಿಮೆ ಮಾಡುವುದೊಂದೇ ದಾರಿ. ಒಗೆದ ಬಟ್ಟೆಯನ್ನು ಮೆಷಿನ್ನಿನಲ್ಲಿ ರಾತ್ರಿಯಿಡೀ ಬಿಡಬೇಡಿ. ಸ್ಪಿನ್ ಎರಡು ಸಲ ಮಾಡಿ. ಮಾಳಿಗೆಗೆ ನೇತುಹಾಕಿದ ರಾಟೆಯ ಸರಳುಗಳಲ್ಲಿ ಒಂದು ಸರಳು ಬಿಟ್ಟು ಒಂದರ ಮೇಲೆ ಹರವಿ, ಕೆಳಗೆ ಟೇಬಲ್ ಫ್ಯಾನ್ ಇಡಿ. ಕಡಿಮೆ ಬಟ್ಟೆ, ಹೆಚ್ಚು ಸಲ ಒಗೆಯಿರಿ. ಆಗಲೇ ನಾತ ಹಿಡಿದ ಬಿಳಿ ಹತ್ತಿ ಬೈರಾಸುಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ಹೋಗುತ್ತದೆ.

ಹಳೆಯ ಪದರ ತೆಗೆಯುವುದು

ವರ್ಷಗಟ್ಟಲೆ ಕಂಡಿಷನರ್ ಕುಡಿದ ಬೈರಾಸುಗಳನ್ನು ಎಸೆಯಬೇಡಿ. ಬಿಸಿನೀರು, ಎಂದಿನ ಪುಡಿ, ಒಂದು ಚಮಚ ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ನೆನೆಸಿ ಒಗೆಯಿರಿ. ಕೊನೆಯ ನೀರಿಗೆ ವಿನೆಗರ್. ಹನಿ ಪರೀಕ್ಷೆ ಮಾಡಿ. ಸಾಮಾನ್ಯವಾಗಿ ಎರಡು ಮೂರು ಒಗೆತ ಬೇಕು. ಮೆಷಿನ್ನಿನ ಟ್ರೇಯನ್ನೂ ಎಳೆದು ತೆಗೆದು ನೋಡಿ, ಹೂವಿನ ಖಾನೆಯ ಹಿಂದೆ ಕಪ್ಪು ಲೋಳೆ ಕಟ್ಟಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್, ಬಿಸಿನೀರು ಸಾಕು.

ಮನೆಯಲ್ಲಿ ಅರ್ಧ ಬಾಟಲಿ ಉಳಿದಿದ್ದರೆ ಚೆಲ್ಲುವುದೂ ಬೇಡ, ಚಳಿಗಾಲದ ಪಾಲಿಯೆಸ್ಟರ್‌ಗೆ ಇಟ್ಟುಕೊಳ್ಳಿ. ಮುಚ್ಚಳದ ಒಳಗೆ ನೈಲ್ ಪಾಲಿಶ್‌ನಿಂದ ಅಳತೆಯ ಗೆರೆ ಎಳೆದು, ಬೈರಾಸಿನ ಬುಟ್ಟಿಯಿಂದ ದೂರದ ಕಪಾಟಿನಲ್ಲಿಡಿ.